ತಲಕಾಡಿಗೆ ನಮ್ಮ ಬೆಟ್ಟದ ದಾರಿ



ತಾಳವಾಡಿ ಬೆಟ್ಟದ ಮೇಲಿರುವ ನಮಗೆ ಹಳೆಯ ರಾಜಧಾನಿಯೊಂದನ್ನು ನೋಡಬೇಕೆನಿಸಿದರೆ ಬಹಳ ದೂರ ಹೋಗಬೇಕಾಗಿಲ್ಲ. ಹಂಪೆಗೆ ಹೋಗಬೇಕಾದರೆ ರಾತ್ರಿಯೆಲ್ಲ ಪ್ರಯಾಣ. ಆದರೆ ಬೆಳಿಗ್ಗೆ ರೊಟ್ಟಿ ತಿಂದು ಚಾಮರಾಜನಗರದ ಬಸ್ಸು ಹಿಡಿದು, ಅಲ್ಲಿಂದ ಸಂತೇಮರಹಳ್ಳಿ, ಮೂಗೂರು, ತಿರುಮಕೂಡಲು ನರಸೀಪುರ ಎಂದು ಬಸ್ಸು ಬದಲಾಯಿಸುತ್ತ ಹೋದರೆ ಮಧ್ಯಾಹ್ನದ ಊಟದ ಹೊತ್ತಿಗೆ ತಲಕಾಡಿನ ಮರಳಿನ ಮೇಲೆ ನಿಂತಿರಬಹುದು. ಕ್ರಿಸ್ತಶಕ ಸುಮಾರು 350ರಿಂದ 1004ರವರೆಗೆ, ಹೆಚ್ಚು ಕಡಿಮೆ ಆರೂವರೆ ಶತಮಾನ, ಗಂಗವಾಡಿಯನ್ನು ಆಳಿದ ಗಂಗ ಅರಸರ ರಾಜಧಾನಿ ಅದು. ನಮ್ಮಲ್ಲಿ ಅನೇಕರು ಅಲ್ಲಿಗೆ ಹೋಗಿದ್ದೀರಿ, ನನಗೆ ಗೊತ್ತು. ಕಾರ್ತಿಕ ಸೋಮವಾರದಲ್ಲಿ ಹೋಗಿ, ನದಿಯಲ್ಲಿ ಮುಳುಗಿ, ವೈದ್ಯನಾಥನಿಗೆ ಕೈಮುಗಿದು ಬಂದಿದ್ದೀರಿ. ರಾಜಧಾನಿ ಎಂದು ನೋಡಿ ಬಂದವರು ಕಡಿಮೆ. ನಾನೂ ಬಹಳ ಕಾಲ ಆ ಸಾಲಿನವನೇ.

ಮೊದಲು ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ನಾನು ಈ ಬೆಟ್ಟದ ಕನ್ನಡ ಶಾಲೆಗಳಲ್ಲಿ ಬಹಳ ವರ್ಷ ಪಾಠ ಹೇಳಿದವನು. ಚರಿತ್ರೆಯ ಪಾಠದಲ್ಲಿ ರಾಜರಾಜ ಚೋಳ ಗಂಗವಾಡಿಯನ್ನು ಗೆದ್ದ ಮಾತು ಬಂದಾಗಲೆಲ್ಲ ಪುಸ್ತಕ ಮುಚ್ಚಿಟ್ಟು, "ಮಕ್ಕಳೇ, ಆ ಗಂಗರ ಮೊಟ್ಟಮೊದಲ ರಾಜಧಾನಿ ಎಲ್ಲಿತ್ತು ಗೊತ್ತಾ? ನಮ್ಮ ಬೆಟ್ಟದ ಬುಡದಲ್ಲೇ ಕಣ್ರೋ, ಗೆಜ್ಜಲಹಟ್ಟಿಯಲ್ಲಿ!" ಎನ್ನುತ್ತಿದ್ದೆ. ತರಗತಿ ಗಪ್ಪೆಂದು ಸುಮ್ಮನಾಗುತ್ತಿತ್ತು. ಚರಿತ್ರೆ ಎಂದರೆ ಎಲ್ಲೋ ಇರುವವರದು, ತಂಜಾವೂರಿನವರದು, ಮೈಸೂರಿನವರದು ಎಂದು ತಿಳಿದಿದ್ದ ಮಕ್ಕಳ ಮುಖದಲ್ಲಿ ಒಂದು ಬೆಳಕು ಕಾಣುತ್ತಿತ್ತು. ಆ ಬೆಳಕಿನ ಆಸೆಗೆ ನಾನು ಆ ಮಾತನ್ನು ಮತ್ತೆ ಮತ್ತೆ ಹೇಳಿದೆ. ಅದು ನಿಜವೇ ಎಂದು ಸರಿಯಾಗಿ ವಿಚಾರಿಸಲಿಲ್ಲ.

ಹಾಗೆಂದು ಅದು ನಾನು ಹುಟ್ಟಿಸಿದ ಮಾತಲ್ಲ. ಮೈಸೂರಿನ ಶಾಸನಗಳನ್ನು ಓದಿ ಪ್ರಕಟಿಸಿದ ಬಿ. ಎಲ್. ರೈಸ್ ಅವರು 1897ರಲ್ಲಿ ಪರಿಷ್ಕರಿಸಿ ಹೊರತಂದ ಮೈಸೂರು ಗೆಜೆಟಿಯರಿನಲ್ಲಿ ಇದಿದೆ. ಗಂಗರ ಹರಿವರ್ಮನು ಸ್ಕಂದಪುರದಲ್ಲಿ ಪಟ್ಟವೇರಿದರೂ ಕರ್ನಾಟ ದೇಶದ ದಳವನಪುರದಲ್ಲಿ, ಎಂದರೆ ತಲಕಾಡಿನಲ್ಲಿ, ವಾಸವಾಗಿದ್ದನು. ಆ ಸ್ಕಂದಪುರವು ಮೋಯಾರು ನದಿ ಭವಾನಿಯನ್ನು ಸೇರುವ ಕಡೆಯ ಗೆಜ್ಜಲಹಟ್ಟಿ ಎಂದು ಹೇಳುತ್ತಾರೆ ಎಂಬುದು ಅದರ ಸಾರ. ಮೋಯಾರು, ಭವಾನಿ, ಗೆಜ್ಜಲಹಟ್ಟಿ. ಮೂರೂ ನಮ್ಮ ತಲೆಮಲೆಯ ಅಂಚಿನಲ್ಲಿ ನಿಂತು ಕೆಳಗೆ ನೋಡಿದರೆ ಇರುವ ಸೀಮೆಯೇ. ಅದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ.

ನಮ್ಮಂಥವರಿಗೆ ಇಂಥ ಮಾತು ಏಕೆ ಅಷ್ಟು ಸಿಹಿ ಎಂಬುದನ್ನು ಹೊರಗಿನವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. 1799ರಲ್ಲಿ ಟಿಪ್ಪು ಮಡಿದ ಮೇಲೆ ಕೊಯಮತ್ತೂರು ಸೀಮೆ ಕಂಪನಿಯವರ ಪಾಲಾಯಿತು. ಘಟ್ಟದ ಮೇಲಿನ ಕನ್ನಡದ ನೆಲವೂ ಅದರ ಜೊತೆಗೆ ಹೋಯಿತು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಕೊಳ್ಳೇಗಾಲ ತಾಲ್ಲೂಕು ಕೊಯಮತ್ತೂರು ಜಿಲ್ಲೆಯಿಂದ ಬಿಡಿಸಿಕೊಂಡು ಮೈಸೂರು ರಾಜ್ಯಕ್ಕೆ ಸೇರಿತು. ನಮ್ಮ ಬೆಟ್ಟ ಇದ್ದಲ್ಲೇ ಉಳಿಯಿತು. 1979ರಲ್ಲಿ ಪೆರಿಯಾರ್ ಜಿಲ್ಲೆ ಎಂದಾಯಿತು, ಆಮೇಲೆ ಅದೇ ಈರೋಡು ಜಿಲ್ಲೆ ಎನಿಸಿತು, 2016ರಲ್ಲಿ ತಾಳವಾಡಿಯೇ ಒಂದು ತಾಲ್ಲೂಕಾಯಿತು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತಮಿಳು, ಸಂತೆಯಲ್ಲಿ ಎರಡೂ. ಇದರಲ್ಲಿ ಯಾರ ಮೇಲೂ ನನಗೆ ದೂರಿಲ್ಲ. ಆದರೆ ಅತ್ತ ಕರ್ನಾಟಕದ ಚರಿತ್ರೆ ಬರೆಯುವವರ ಲೇಖನಿ ಪುಣಜೂರು ಗೇಟಿನ ಹತ್ತಿರ ನಿಂತುಬಿಡುತ್ತದೆ, ಇತ್ತ ಕೊಂಗುನಾಡಿನ ಚರಿತ್ರೆ ಬರೆಯುವವರು ದಿಂಬದ 27 ತಿರುವುಗಳನ್ನು ಹತ್ತಿ ಬರುವುದು ಅಪರೂಪ. ನಡುವೆ ಇರುವವರಿಗೆ ಒಂದು ರಾಜಧಾನಿ ಸಿಕ್ಕಿದರೆ ಯಾರಿಗೆ ತಾನೆ ಬೇಡ?

ಹೋದ ವರ್ಷ ನನ್ನ ತಂಗಿಯ ಮೊಮ್ಮಗನನ್ನು ಕರೆದುಕೊಂಡು ತಲಕಾಡಿಗೆ ಹೋದೆ. ಹುಡುಗ ಒಂಬತ್ತನೆಯ ತರಗತಿ. ನನ್ನ ಗೆಜ್ಜಲಹಟ್ಟಿಯ ಮಾತನ್ನು ಅವರಮ್ಮನಿಂದ ಕೇಳಿ ಬೆಳೆದವನು, ಏಕೆಂದರೆ ಅವರಮ್ಮನೂ ನನ್ನ ಶಿಷ್ಯೆಯೇ.

ತಲಕಾಡಿಗೆ ಮೊದಲು ಸಿಗುವುದು ಮುಡುಕುತೊರೆ. ಸಣ್ಣ ಗುಡ್ಡ, ಮೇಲೆ ಮಲ್ಲಿಕಾರ್ಜುನನ ಗುಡಿ. ನಮ್ಮ ಕೊಂಗಳ್ಳಿ ಮಲ್ಲಿಕಾರ್ಜುನನನ್ನು ನೆನೆದು ಹುಡುಗ ಅಲ್ಲಿಯೂ ಒಂದು ಕಾಯಿ ಒಡೆಸಿದ. ನೀವು ಹೋದರೆ ದರ್ಶನ ಮುಗಿಸಿ ಕೂಡಲೇ ಇಳಿಯಬೇಡಿ. ಮೇಲಿನಿಂದ ಕಾವೇರಿಯನ್ನು ನೋಡಿ. ನದಿ ಹೇಗೆ ಮಲಗಿದೆ, ಹೇಗೆ ತಿರುಗುತ್ತದೆ ಎಂಬುದು ತಿಳಿಯದೆ ತಲಕಾಡಿನ ಕಥೆ ತಿಳಿಯುವುದಿಲ್ಲ. ಈ ಭಾಗದಲ್ಲೇ ಮಾಧವಮಂತ್ರಿ ಕಟ್ಟೆ ಇದೆ. ವಿಜಯನಗರದ ಅರಸರ ಕಾಲದಲ್ಲಿ, 14ನೆಯ ಶತಮಾನದಲ್ಲಿ, ಕಾವೇರಿಗೆ ಅಡ್ಡಲಾಗಿ ಕಟ್ಟಿದ ಅಣೆ. ಅದರ ನಾಲೆಯಲ್ಲಿ ಇಂದಿಗೂ ನೀರು ಹರಿದು ಗದ್ದೆ ಬೆಳೆಯುತ್ತದೆ. ಈ ಕಟ್ಟೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ತಲಕಾಡಿನಲ್ಲಿ ಊರು ಮುಗಿದು ಮರಳು ಶುರುವಾಗುವ ಜಾಗದಲ್ಲಿ ವೈದ್ಯನಾಥೇಶ್ವರನ ದೊಡ್ಡ ಗುಡಿ. ಅಲ್ಲಿಂದ ಮುಂದೆ ನೀಲಗಿರಿ ಮರಗಳ ನಡುವೆ ಮರಳನ್ನು ತುಳಿಯುತ್ತ ಹತ್ತಬೇಕು. ಬಿಸಿಲೇರಿದರೆ ಕಾಲು ಸುಡುತ್ತದೆ. ವಯಸ್ಸಾದವರು ಬೆಳಿಗ್ಗೆಯೇ ಹೋಗುವುದು ಒಳ್ಳೆಯದು. ನಾಲ್ಕು ಹೆಜ್ಜೆ ಇಟ್ಟರೆ ಎರಡು ಹೆಜ್ಜೆ ಹಿಂದಕ್ಕೆ ಜಾರುವ ನಡಿಗೆ ಅದು. ಹಾಗೆ ನಡೆಯುತ್ತಿರುವಾಗ ಇದ್ದಕ್ಕಿದ್ದಂತೆ ಕಾಲ ಕೆಳಗೆ ಒಂದು ದೊಡ್ಡ ಹೊಂಡ, ಹೊಂಡದ ತಳದಲ್ಲಿ ಒಂದು ಗುಡಿ. ಪಾತಾಳೇಶ್ವರ ಹಾಗಿದ್ದಾನೆ, ಮರುಳೇಶ್ವರ ಹಾಗಿದ್ದಾನೆ. ಮೆಟ್ಟಿಲಿಳಿದು ಕೆಳಗೆ ಹೋಗಬೇಕು. ಅರ್ಕೇಶ್ವರ, ವೈದ್ಯನಾಥೇಶ್ವರ, ಮುಡುಕುತೊರೆಯ ಮಲ್ಲಿಕಾರ್ಜುನ ಸೇರಿ ಐದು. ಕಾರ್ತಿಕ ಸೋಮವಾರದಂದು ನಕ್ಷತ್ರ ಯೋಗಗಳು ಕೂಡಿಬಂದಾಗ ಮಾತ್ರ ನಡೆಯುವ ಪಂಚಲಿಂಗ ದರ್ಶನಕ್ಕೆ ಲಕ್ಷಗಟ್ಟಲೆ ಜನ ಸೇರುತ್ತಾರೆ. 2009, 2013, 2020ರಲ್ಲಿ ಅದು ನಡೆಯಿತು.

"ತಾತ, ಅರಮನೆ ಎಲ್ಲಿ?" ಎಂದ ಹುಡುಗ.

ಅರಮನೆ ಎಂದು ಬೆರಳಿಟ್ಟು ತೋರಿಸುವಂಥ ಕಟ್ಟಡ ಅಲ್ಲಿ ಕಾಣುವುದಿಲ್ಲ. ಹಂಪೆಯಂತೆ ಬೀದಿ, ಸ್ನಾನದ ಕೊಳ, ಆನೆಲಾಯ ಯಾವುದೂ ಇಲ್ಲ. 1990ರ ದಶಕದಲ್ಲಿ ಕರ್ನಾಟಕದ ಪುರಾತತ್ವ ಇಲಾಖೆಯವರು ಇಲ್ಲಿ ಅಗೆದು ನೋಡಿದಾಗ ಇಟ್ಟಿಗೆಯ ಕಟ್ಟಡಗಳ ಕುರುಹುಗಳೂ, ಗಂಗರಿಗಿಂತ ಹಿಂದಿನ ಜನವಸತಿಯ ಗುರುತುಗಳೂ ಸಿಕ್ಕಿದವು. ಊರಿನ ಬಹುಪಾಲು ಇನ್ನೂ ಕೆಳಗೇ ಇದೆ. ಮೂವತ್ತಕ್ಕೂ ಹೆಚ್ಚು ಗುಡಿಗಳು ಮರಳಿನಡಿ ಇವೆ ಎಂಬ ಮಾತನ್ನು ರೈಸ್ ಅವರೇ ದಾಖಲಿಸಿದ್ದಾರೆ. ಅವರ ಕಾಲದಲ್ಲಿ ಮರಳಿನ ದಿಬ್ಬಗಳು ಸುಮಾರು ಒಂದು ಮೈಲಿ ಉದ್ದ ಹರಡಿದ್ದವು. ವರ್ಷಕ್ಕೆ 9–10 ಅಡಿಯಂತೆ ಊರಿನ ಮೇಲೆ ಮುಂದೊತ್ತಿ ಬರುತ್ತಿದ್ದವಂತೆ. ಮುಂಗಾರಿನ ಗಾಳಿಯಲ್ಲಂತೂ ಹೆಚ್ಚು. ಜನ ಮನೆ ಬಿಟ್ಟು ಹಿಂದೆ ಸರಿಯುವುದು, ಮತ್ತೆ ಮನೆ ಕಟ್ಟುವುದು, ಮತ್ತೆ ಬಿಡುವುದು. ಯುದ್ಧದಲ್ಲಿ ಒಂದೇ ದಿನ ಸುಟ್ಟುಹೋದ ರಾಜಧಾನಿಗಳನ್ನು ಕೇಳಿದ್ದೇವೆ. ಇಲ್ಲಿಯ ಜನ ತಮ್ಮ ಊರು ಮುಚ್ಚಿಹೋಗುವುದನ್ನು ಅಂಗಳದಲ್ಲಿ ಕುಳಿತು ತಲೆಮಾರುಗಳ ಕಾಲ ನೋಡಿದರು. ನನ್ನ ಮನಸ್ಸನ್ನು ಕಲಕಿದ್ದು ಇದು.

ಏಕೆ ಹೀಗಾಯಿತು? ಅಲಮೇಲಮ್ಮನ ಶಾಪ ಎಂದು ನಿಮಗೆ ಎಲ್ಲರೂ ಹೇಳುತ್ತಾರೆ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಿಜಯನಗರದ ಪ್ರತಿನಿಧಿಯಿಂದ ತೆಗೆದುಕೊಂಡಾಗ, ಆ ಪ್ರತಿನಿಧಿಯ ಪತ್ನಿಯನ್ನು ಒಡವೆಗಾಗಿ ಸೈನಿಕರು ಬೆನ್ನಟ್ಟಿದರೆಂದೂ, ಆಕೆ ತಲಕಾಡು ಮರಳಾಗಲೆಂದೂ ಎದುರಿನ ಮಾಲಂಗಿ ಮಡುವಾಗಲೆಂದೂ ಮೈಸೂರು ದೊರೆಗಳಿಗೆ ಸಂತಾನವಿಲ್ಲದೆ ಹೋಗಲೆಂದೂ ಶಪಿಸಿ ಕಾವೇರಿಗೆ ಹಾರಿದಳೆಂದೂ ಕಥೆ. ಇದನ್ನು ನಗೆಯಾಡಿ ತಳ್ಳಿಹಾಕುವವನು ನಾನಲ್ಲ. ಒಬ್ಬ ಹೆಣ್ಣುಮಗಳಿಗೆ ಅನ್ಯಾಯವಾಯಿತೆಂದು ಜನ ನಾನೂರು ವರ್ಷ ನೆನಪಿಟ್ಟುಕೊಂಡಿದ್ದಾರೆಂದರೆ ಅದೂ ಒಂದು ದಾಖಲೆಯೇ. ಆದರೆ ಮರಳಿಗೆ ಬೇರೆ ಕಾರಣಗಳೂ ಇವೆ. ಮುಡುಕುತೊರೆಯಲ್ಲಿ ನೋಡಿದ ಆ ಕಟ್ಟೆ ಇಲ್ಲಿ ಬರುತ್ತದೆ. ಅಣೆ ಕಟ್ಟಿದ ಮೇಲೆ ನದಿಯ ಹರಿವು ಬದಲಾಗಿ, ತಿರುವಿನಲ್ಲಿ ಮರಳು ಶೇಖರವಾಗಿ, ಬೇಸಿಗೆಯಲ್ಲಿ ಬರಿದಾದ ಪಾತ್ರದ ಒಣ ಮರಳನ್ನು ಗಾಳಿ ಎತ್ತಿ ಊರಿನ ಮೇಲೆ ಸುರಿಯಿತು ಎಂದು ವಿಜ್ಞಾನಿಯೂ ಕಾದಂಬರಿಕಾರರೂ ಆದ ಕೆ. ಎನ್. ಗಣೇಶಯ್ಯನವರಂಥವರು ವಾದಿಸಿದ್ದಾರೆ. ನನಗೆ ಇದು ಒಪ್ಪಿಗೆಯಾಗುತ್ತದೆ. ಸಾವಿರಾರು ಜನಕ್ಕೆ ಅನ್ನ ಕೊಟ್ಟ ಕಟ್ಟೆಯೇ ಪಕ್ಕದ ಊರನ್ನು ಹೂತಿತು ಎಂಬುದನ್ನು ಒಪ್ಪುವುದು ಶಾಪವನ್ನು ಒಪ್ಪುವುದಕ್ಕಿಂತ ಕಷ್ಟ, ಅಷ್ಟೇ.

ಮರಳಿನಿಂದ ಹೊರತೆಗೆದ ಗುಡಿಗಳಲ್ಲಿ ದೊಡ್ಡದು ಕೀರ್ತಿನಾರಾಯಣ. ಅದರ ಹಿಂದೆ ಒಂದು ಯುದ್ಧದ ಕಥೆಯಿದೆ. 1004ರ ಸುಮಾರಿಗೆ ತಲಕಾಡು ಚೋಳರ ವಶವಾಯಿತು. ಗಂಗರ ಆಳ್ವಿಕೆ ಅಲ್ಲಿಗೆ ಮುಗಿಯಿತು. ಚೋಳರು ಊರಿಗೆ ರಾಜರಾಜಪುರ ಎಂದು ಹೆಸರಿಟ್ಟರು. ನೂರು ವರ್ಷಕ್ಕೂ ಮಿಕ್ಕಿ ಅದು ಅವರ ಕೈಯಲ್ಲಿತ್ತು. 1116ರ ಸುಮಾರಿಗೆ ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜನು ಚೋಳರ ಸಾಮಂತ ಅದಿಯಮನನ್ನು ಸೋಲಿಸಿ ಅದನ್ನು ಗೆದ್ದನು. ಆ ಗೆಲುವು ವಿಷ್ಣುವರ್ಧನನಿಗೆ ಎಷ್ಟು ದೊಡ್ಡದಾಗಿ ಕಂಡಿತೆಂದರೆ, ತಲಕಾಡುಗೊಂಡ ಎಂಬ ಬಿರುದನ್ನು ಕನ್ನಡ ಅಕ್ಷರಗಳಲ್ಲಿ ಚಿನ್ನದ ನಾಣ್ಯದ ಮೇಲೆ ಒತ್ತಿಸಿದ. ವೀರಗಂಗ ಎಂದೂ ಕರೆಸಿಕೊಂಡ. ತಾನು ಗಂಗನಲ್ಲ, ಆದರೂ ಗಂಗರ ಊರಿನ ಒಡೆಯನಾದ ಮೇಲೆ ಅವರ ಹೆಸರೂ ಬೇಕಾಯಿತು. ಕೀರ್ತಿನಾರಾಯಣನ ಪ್ರತಿಷ್ಠೆ 1117ರದು. ಭಾರತೀಯ ಪುರಾತತ್ವ ಸರ್ವೇಕ್ಷಣೆಯವರು ಈ ಗುಡಿಯ ಕಲ್ಲುಗಳನ್ನು ಬಿಚ್ಚಿ ಮತ್ತೆ ಜೋಡಿಸುವ ಕೆಲಸವನ್ನು ಕೈಗೊಂಡರು.

ತಲಕಾಡಿನಲ್ಲಿ ಕನ್ನಡ ಶಾಸನಗಳ ಜೊತೆಗೆ ತಮಿಳು ಶಾಸನಗಳೂ ಇವೆ. ಒಂದು ಗುಡಿಯ ಕಲ್ಲಿನ ಹತ್ತಿರ ಹುಡುಗ ಕುಕ್ಕರುಗಾಲಲ್ಲಿ ಕುಳಿತ. ಬೆರಳಿನಿಂದ ಅಕ್ಷರಗಳ ಮೇಲೆ ಸವರುತ್ತ, "ತಾತ, ಇದು ಪ, ಇದು ಮ, ಇದು ಟ. ತಮಿಳು ಇದು!" ಎಂದ. ಇಡೀ ಸಾಲು ಓದಲು ಅವನಿಂದಲೂ ಆಗಲಿಲ್ಲ, ನನ್ನಿಂದಲೂ ಆಗಲಿಲ್ಲ. ಒಂಬೈನೂರು, ಸಾವಿರ ವರ್ಷದ ಹಿಂದಿನ ಬರಹ. ಆದರೆ ಪಕ್ಕದಲ್ಲಿ ನಿಂತಿದ್ದ ಮೈಸೂರಿನ ಕಡೆಯ ಯಾತ್ರಿಕರು ಅವನನ್ನು ಬೆರಗಿನಿಂದ ನೋಡಿದರು. ನಮ್ಮ ತಮಿಳುನಾಡಿನಲ್ಲಿ 2006ರ ಕಾಯಿದೆಯಿಂದ ಎಲ್ಲ ಶಾಲೆಗಳಲ್ಲೂ ತಮಿಳು ಕಡ್ಡಾಯವಾದಾಗ ನಾವು ಕನ್ನಡ ಮೇಷ್ಟ್ರುಗಳು ಎಷ್ಟು ಕಳವಳಪಟ್ಟೆವು ಎಂಬುದು ನನಗೆ ನೆನಪಿದೆ. ಆ ಕಳವಳ ಸುಳ್ಳಲ್ಲ. ಈಗಲೂ ಇದೆ. ಆದರೂ ಆ ಹೊಂಡದೊಳಗೆ, ಎರಡು ಭಾಷೆಯ ಕಲ್ಲುಗಳ ನಡುವೆ ಎರಡೂ ಅಕ್ಷರ ಬಲ್ಲವನು ನಮ್ಮ ಹುಡುಗನೊಬ್ಬನೇ ಆಗಿದ್ದ. ನಾನು ಹೆಮ್ಮೆಪಟ್ಟೆ ಎಂದು ಹೇಳಲು ಸಂಕೋಚವಿಲ್ಲ.

ಊಟಕ್ಕೆ ಕುಳಿತಾಗ ಅವನು ಕೇಳಿದ: "ಇದು ಎರಡನೇ ರಾಜಧಾನಿ ಅಲ್ವಾ ತಾತ? ಮೊದಲನೇದು ನಮ್ಮ ಗೆಜ್ಜಲಹಟ್ಟಿ. ಅಲ್ಲೂ ಹಿಂಗೇ ಗುಡಿ, ಶಾಸನ ಸಿಕ್ಕವಾ?"

ಸಿಕ್ಕಿಲ್ಲ. ಸ್ಕಂದಪುರದ ಮಾತಿಗೆ ಆಧಾರ ಕೊಂಗುದೇಶ ರಾಜಾಕ್ಕಳ್ ಎಂಬ ತಮಿಳು ಗದ್ಯದ ರಾಜಾವಳಿ. ಕರ್ನಲ್ ಮೆಕೆಂಜಿಯ ಸಂಗ್ರಹದಲ್ಲಿ ಉಳಿದುಬಂದದ್ದು. ಗಂಗರ ಕಾಲ ಮುಗಿದು ಎಷ್ಟೋ ನೂರು ವರ್ಷಗಳಾದ ಮೇಲೆ ಬರೆದದ್ದು. ಅದನ್ನು ನಂಬಿ 19ನೆಯ ಶತಮಾನದಲ್ಲಿ ಕೆಲವು ಆಂಗ್ಲ ವಿದ್ವಾಂಸರು ಗಂಗರನ್ನೇ ಚೇರರೆಂದು ಎಣಿಸಿದ್ದೂ ಉಂಟು. ತಂಜಾವೂರಿನಲ್ಲಿ ಸಿಕ್ಕ ಹರಿವರ್ಮನ ತಾಮ್ರಪಟವನ್ನೂ, ಅಂಥ ಇನ್ನೂ ಕೆಲವು ಗಂಗ ತಾಮ್ರಪಟಗಳನ್ನೂ ಜೆ. ಎಫ್. ಫ್ಲೀಟ್ ಎಂಬ ಶಾಸನತಜ್ಞರು ಕೂಟಶಾಸನಗಳೆಂದು ತಳ್ಳಿಹಾಕಿದರು. ಇಂದಿನ ಇತಿಹಾಸಕಾರರು ಸಾಮಾನ್ಯವಾಗಿ ಗಂಗರ ಮೊದಲ ನೆಲೆ ಕುವಲಾಲ, ಎಂದರೆ ಕೋಲಾರ ಎಂದೂ, ಆಮೇಲೆ ತಲಕಾಡು ಎಂದೂ ಬರೆಯುತ್ತಾರೆ. ರೈಸ್ ಅವರೂ "ಹೇಳುತ್ತಾರೆ" ಎಂದಷ್ಟೇ ಬರೆದಿದ್ದರು. ಆ ಒಂದು ಪದವನ್ನು ನಾನು ನುಂಗಿಬಿಟ್ಟಿದ್ದೆ.

ಇದನ್ನೆಲ್ಲ ಅವನಿಗೆ ಹೇಳಿದೆ. ಅವನು ಅನ್ನ ಕಲಸುವುದನ್ನು ನಿಲ್ಲಿಸಿ, "ಹಂಗಾರೆ ಅಮ್ಮನಿಗೆ ಹೇಳಿದ್ದು ಸುಳ್ಳಾ ತಾತ?" ಎಂದ.

ಓದುಗರೇ, ಇದಕ್ಕೆ ಏನು ಉತ್ತರ ಕೊಡುತ್ತೀರಿ? ಸುಳ್ಳು ಎಂದು ನಾನು ಹೇಳಲಿಲ್ಲ. ಸಾಕ್ಷಿ ಇಲ್ಲದ್ದನ್ನು ಇದೆ ಎಂದು ಹೇಳಿದೆ, ಅದು ತಪ್ಪು ಎಂದೆ. ತಾಳವಾಡಿ, ತಲೆಮಲೆ, ತಲಕಾಡು ಎಂದು ಹೆಸರುಗಳ ತಲೆ ಹಿಡಿದು ಎಳೆದು ನಂಟು ಕಟ್ಟುವವರನ್ನು ನಾನು ಬಲ್ಲೆ. ನಮ್ಮ ಗುಮಟಾಪುರದ ಹೆಸರು ಕೇಳಿ ಶ್ರವಣಬೆಳಗೊಳದ ಗೊಮ್ಮಟನನ್ನೂ, ಅವನನ್ನು ಕಡೆಯಿಸಿದ ಗಂಗರ ಮಂತ್ರಿ ಚಾವುಂಡರಾಯನನ್ನೂ ನೆನೆಯುವವರೂ ಇದ್ದಾರೆ. ಇರಬಹುದು. ಆದರೆ ಹೆಸರಿನ ಸದ್ದು ಒಂದನ್ನೇ ನಂಬಿ ಚರಿತ್ರೆ ಬರೆದರೆ ನಾಳೆ ಅದೇ ಸದ್ದಿನಿಂದ ಇನ್ನೊಬ್ಬರು ಬೇರೆ ಚರಿತ್ರೆ ಬರೆದುಬಿಡುತ್ತಾರೆ.

ಆಮೇಲೆ ಅವನಿಗೆ ಸಾಕ್ಷಿಯಿರುವ ಮಾತುಗಳನ್ನು ಹೇಳಿದೆ. ಅವೇನು ಕಡಿಮೆಯಲ್ಲ. ವಿಷ್ಣುವರ್ಧನನ ಬಿರುದಾವಳಿಯಲ್ಲಿ ಎಷ್ಟೋ ಕಡೆ ತಲಕಾಡಿನ ಬೆನ್ನಿಗೇ ಕೊಂಗು ಬರುತ್ತದೆ. ತಲಕಾಡು ಕೈಸೇರಿದವನ ಕಣ್ಣು ಕೊಂಗಿನ ಮೇಲೆ ಬೀಳುತ್ತಿತ್ತು, ಕೊಂಗಿಗೆ ಇಳಿಯುವ ಹಾದಿಗಳು ನಮ್ಮ ಘಟ್ಟಗಳಲ್ಲಿದ್ದವು. ಮುಂದೆ ಹೊಯ್ಸಳರ ಪೆರುಮಾಳೆ ದಂಡನಾಯಕ, ಅವನ ಮಗ ಮಾಧವ ದಂಡನಾಯಕ ಗುಂಡ್ಲುಪೇಟೆ ಸೀಮೆಯ ತೆರಕಣಾಂಬಿಯಿಂದ ಆಳಿದರು. 1315ರಲ್ಲಿ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಗುಡಿಯನ್ನು ಕಟ್ಟಿಸಿದವನು ಈ ಮಾಧವನೇ. ಘಟ್ಟದ ಕೆಳಗೆ, ಮೋಯಾರು–ಭವಾನಿ ಕೂಡುವ ಸೀಮೆಯಲ್ಲಿ, ಇದೇ ದಂಡನಾಯಕರ ಹೆಸರು ಹೊತ್ತ ದಣ್ಣಾಯಕನ ಕೋಟೆ ಎದ್ದಿತು. ಕೋಟೆಯೊಳಗೆ ಮಾಧವಪೆರುಮಾಳ್ ಗುಡಿ. ಹೈದರ್, ಟಿಪ್ಪು ದಂಡುಗಳು ಮೇಲೆ ಕೆಳಗೆ ಓಡಾಡಿದ್ದು ಗೆಜ್ಜಲಹಟ್ಟಿ ಕಣಿವೆಯಲ್ಲೇ. 1790ರ ಸೆಪ್ಟೆಂಬರಿನಲ್ಲಿ ಟಿಪ್ಪು ಆ ಕಣಿವೆಯಿಂದ ಇಳಿದು ಸತ್ಯಮಂಗಲದ ಹತ್ತಿರ ಕರ್ನಲ್ ಫ್ಲಾಯ್ಡನ ಸೈನ್ಯವನ್ನು ಹಿಂದೆ ಸರಿಯುವಂತೆ ಮಾಡಿದ.

ಆ ಕೋಟೆ ಈಗ ಎಲ್ಲಿದೆ ಎಂದರೆ, ನೀರಿನಲ್ಲಿ. 1955ರಲ್ಲಿ ಪೂರ್ತಿಯಾದ ಕೆಳಭವಾನಿ ಅಣೆಕಟ್ಟೆಯ ಭವಾನಿಸಾಗರ ಅದನ್ನು ಮುಳುಗಿಸಿತು. ಕೆಳಗಿನ ಸೀಮೆಯ ಗದ್ದೆಗಳಿಗೆ ಆ ನೀರೇ ಜೀವ. ನೀರು ಬಹಳ ಇಳಿದ ವರ್ಷಗಳಲ್ಲಿ ಕೆಸರಿನ ನಡುವೆ ಗುಡಿಯ ಕಂಬಗಳು, ಗೋಡೆಗಳು ಮೇಲೆ ಕಾಣಿಸುತ್ತವೆ. ಅಲ್ಲಿ ಮರಳು, ಇಲ್ಲಿ ನೀರು. ಎರಡು ಕಡೆಯೂ ಒಂದೊಂದು ಕಟ್ಟೆ.

ಗೆಜ್ಜಲಹಟ್ಟಿಯ ಹಳೆಯ ಹಾದಿಯಲ್ಲಿ ಇಂದು ನಾವು ಮನಬಂದಂತೆ ಇಳಿಯುವಂತಿಲ್ಲ. ಸುತ್ತಲಿನ ಕಾಡು 2013ರಲ್ಲಿ ಸತ್ಯಮಂಗಲ ಹುಲಿ ರಕ್ಷಿತಾರಣ್ಯವಾಯಿತು. ಅದಕ್ಕೆ ಮೊದಲು ಬಹಳ ವರ್ಷ ವೀರಪ್ಪನ್ ಭಯದಿಂದ ಆ ಕಡೆ ಯಾರೂ ಕಾಲಿಡುತ್ತಿರಲಿಲ್ಲ. 2000ದ ಜುಲೈ 30ರ ರಾತ್ರಿ ನಮ್ಮ ದೊಡ್ಡ ಗಾಜನೂರಿನಿಂದ ಡಾ. ರಾಜಕುಮಾರ್ ಅವರನ್ನು ಕರೆದೊಯ್ದದ್ದನ್ನು ಈ ಬೆಟ್ಟದವರು ಮರೆತಿಲ್ಲ. ಆ 108 ದಿನ ತಾಳವಾಡಿ ಎಂಬ ಹೆಸರು ಎಲ್ಲ ಪತ್ರಿಕೆಗಳಲ್ಲಿ ಬಂತು. ಒಂದು ಊರು ಚರಿತ್ರೆಗೆ ಸೇರಬೇಕಾದ ರೀತಿ ಅದಲ್ಲ ಎಂದು ಆಗ ನನಗೆ ಅನಿಸಿತ್ತು.

ಸಂಜೆ ಚಾಮರಾಜನಗರದಲ್ಲಿ ತಾಳವಾಡಿ ಬಸ್ಸು ಸಿಕ್ಕಿತು. ಕೋಸಿನ ಖಾಲಿ ಚೀಲಗಳ ಮೇಲೆ ಕುಳಿತು ಬಂದೆವು. ಗಡಿ ದಾಟುವಾಗ ಹುಡುಗ ನಿದ್ದೆಯಲ್ಲಿದ್ದ. ಮನೆ ಮುಟ್ಟಿದ ಮೇಲೆ ಅವರಮ್ಮನ ಹತ್ತಿರ ಅವನೇ ಹೋಗಿ, ಗೆಜ್ಜಲಹಟ್ಟಿಯಲ್ಲಿ ರಾಜಧಾನಿ ಇತ್ತು ಅನ್ನುವುದಕ್ಕೆ ಸಾಕ್ಷಿ ಇಲ್ಲವಂತೆ, ದಣ್ಣಾಯಕನ ಕೋಟೆ ಮಾತ್ರ ನಿಜವಂತೆ ಎಂದು ಹೇಳಿದ. ಅವಳು ನನ್ನ ಮುಖ ನೋಡಿ, "ಏನ್ ಮೇಷ್ಟ್ರೇ, ಮೂವತ್ತು ವರ್ಷ ಆದ್ಮೇಲೆ ಪಾಠ ತಿದ್ದುತ್ತಾ ಇದ್ದೀರಲ್ಲ!" ಎಂದು ನಕ್ಕಳು. ಮಾವ ಎನ್ನುವವಳು ಅವತ್ತು ಮೇಷ್ಟ್ರೇ ಎಂದಳು.

ಕೋಟೆಯನ್ನು ನೋಡಬೇಕೆಂದು ಹುಡುಗನ ಹಟ. ಭವಾನಿಸಾಗರದ ನೀರಿನ ಮಟ್ಟವನ್ನು ದಿನಾ ಪತ್ರಿಕೆಯಲ್ಲಿ ನೋಡಿ ಒಂದು ನೋಟುಬುಕ್ಕಿನಲ್ಲಿ ಬರೆದಿಡುತ್ತಿದ್ದಾನೆ. ಕೆಳಗಿನ ರೈತರ ಮುಂದೆ ನೀರು ಇಳಿಯಲಿ ಎನ್ನುವಂತಿಲ್ಲ. ಇಳಿದ ವರ್ಷ ಅಪ್ಪಣೆ ಕೇಳಿಕೊಂಡು ಹೋಗೋಣ ಎಂದು ಹೇಳಿದ್ದೇನೆ.